ತಾಂಡಾದ ಮಗುವಿಗೆ ನುಡಿಯ ದಾಸೋಹ



ಕಲಬುರಗಿಯ ಬ್ರಹ್ಮಪುರವೆಂದರೆ ನಮಗೆಲ್ಲ ಮೊದಲು ನೆನಪಾಗುವುದು ಶ್ರೀ ಶರಣಬಸವೇಶ್ವರರ ಸನ್ನಿಧಿ. ಸನ್ನಿಧಿಯೆಂದೊಡನೆ ನೆನಪಾಗುವುದು ದಾಸೋಹ. 1746ರಲ್ಲಿ ಅರಳಗುಂಡಗಿಯಲ್ಲಿ ಜನಿಸಿ 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಆ ಮಹಾದಾಸೋಹಿಗಳು ಹೊಲದ ತೆನೆಗೆ ಎರಗಿದ ಹಕ್ಕಿಗಳನ್ನು ಓಡಿಸದೆ, ಕಾಳು ತಿಂದ ಅವುಗಳಿಗೆ ನೀರನ್ನೂ ಇರಿಸಿದರೆಂಬ ಕಥೆಯನ್ನು ನಮ್ಮ ಮನೆಗಳಲ್ಲಿ ಅಜ್ಜಿಯರು ಇಂದಿಗೂ ಮಕ್ಕಳಿಗೆ ಹೇಳುತ್ತಾರೆ. ಈ ಕಥೆಯ ತಿರುಳು ಕಾಳಿಗಿಂತ ಹೆಚ್ಚಾಗಿ ನೀರಿನಲ್ಲಿದೆ. ಕಾಳು ಹೊಲದಲ್ಲಿ ಇದ್ದೇ ಇತ್ತು. ತಿಂದ ಹಕ್ಕಿಗೆ ಬಾಯಾರೀತು ಎಂದು ತಿಳಿಯಬೇಕಾದರೆ ಹಕ್ಕಿಯ ಕಡೆಯಿಂದ ಯೋಚಿಸುವ ಮನಸ್ಸು ಬೇಕು. ನೀಡುವವನು ತನ್ನಲ್ಲಿ ಏನಿದೆ ಎಂದು ನೋಡುವುದಕ್ಕಿಂತ ಮೊದಲು ಬಂದವರಿಗೆ ಏನು ಬೇಕು ಎಂದು ಅರಿಯುವುದೇ ದಾಸೋಹದ ಮೊದಲ ಪಾಠ.

ಶಾಲೆಯ ಮಕ್ಕಳಿಗೆ ಬಿಸಿಯೂಟ ನೀಡುವ ಯೋಜನೆಗೆ ನಮ್ಮ ರಾಜ್ಯ ಸರ್ಕಾರವು 'ಅಕ್ಷರ ದಾಸೋಹ'ವೆಂದು ಹೆಸರಿಟ್ಟಿತು. 2002ರಲ್ಲಿ ಅದು ಮೊದಲು ಆರಂಭವಾದುದು ನಮ್ಮ ಈ ಭಾಗದ ಜಿಲ್ಲೆಗಳಲ್ಲಿಯೇ. ಹೆಸರು ಅರ್ಥಪೂರ್ಣವಾಗಿದೆ. ಅನ್ನದಿಂದ ಹಸಿವು ಇಂಗಿತು. ಆದರೆ ಊಟದ ಗಂಟೆಗೆ ಮುಂಚೆ ಮತ್ತು ನಂತರ ಅದೇ ಮಗುವಿನ ಮುಂದೆ ಬಡಿಸಲಾಗುವ ಅಕ್ಷರವು ಅದರ ಒಡಲಿಗೆ ಇಳಿಯುತ್ತಿದೆಯೇ? ಈ ಪ್ರಶ್ನೆಯನ್ನು ಈ ತಿಂಗಳು ನಾವು ಒಂದು ನಿರ್ದಿಷ್ಟ ಮಗುವಿನ ಕಡೆಯಿಂದ ಕೇಳಿಕೊಳ್ಳೋಣ. ಆ ಮಗು ನಮ್ಮ ನೆರೆಯ ತಾಂಡಾದ ಮಗು.

ಮೂರು ಹೊಸ್ತಿಲುಗಳು

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಸಿಗುವ ಕಮಲಾಪುರವನ್ನು ಹೊರಗಿನವರು ಕೆಂಪು ಬಾಳೆಹಣ್ಣಿನಿಂದ ಗುರುತಿಸುತ್ತಾರೆ. ಕಮಲಾಪುರ, ಚಿಂಚೋಳಿ, ಆಳಂದ ಈ ಕಡೆಯ ಗುಡ್ಡಗಳ ಸೆರಗಿನಲ್ಲಿ, ಊರಿನಿಂದ ತುಸು ದೂರದಲ್ಲಿ, ಲಂಬಾಣಿ ಬಂಧುಗಳ ತಾಂಡಾಗಳು ಹರಡಿಕೊಂಡಿವೆ. ಅಲ್ಲಿಯ ಮನೆಮಾತು ಗೋರ್ ಬೋಲಿ. ಅದು ರಾಜಸ್ಥಾನದ ನುಡಿಗಳ ಬಳಗಕ್ಕೆ ಸೇರಿದ ಭಾಷೆ. ನಮ್ಮ ಕನ್ನಡವಾದರೋ ದ್ರಾವಿಡ ಕುಲದ್ದು. ತಾಂಡಾದ ಮಗು ತಾಯಿಯನ್ನು 'ಯಾಡಿ' ಎನ್ನುತ್ತದೆ, ನೀರನ್ನು 'ಪಾಣಿ' ಎನ್ನುತ್ತದೆ, ರೊಟ್ಟಿಯನ್ನು 'ಬಾಟಿ' ಎನ್ನುತ್ತದೆ. ಐದು ಆರು ವರ್ಷಗಳ ಕಾಲ ಈ ನುಡಿಯಲ್ಲಿಯೇ ಅತ್ತು ನಕ್ಕು, ಕಥೆ ಕೇಳಿ, ಆಡು ಕುರಿಗಳನ್ನು ಎಣಿಸಿ ಬೆಳೆದ ಮಗು ಜೂನ್ ತಿಂಗಳ ಒಂದು ಬೆಳಿಗ್ಗೆ ಶಾಲೆಯ ಹೊಸ್ತಿಲು ತುಳಿಯುತ್ತದೆ.

ಆ ಮಗು ತುಳಿಯಬೇಕಾದುದು ಒಂದೇ ಹೊಸ್ತಿಲನ್ನಲ್ಲ. ಮನೆಯ ಗೋರ್ ಬೋಲಿಯಿಂದ ಊರ ಸಂತೆಯ ಕನ್ನಡಕ್ಕೆ ಬರುವುದು ಮೊದಲನೆಯ ಹೊಸ್ತಿಲು. 'ಬರ್ಲಿಕತ್ತಾನ', 'ಹೋಗ್ಲಿಕತ್ತಾರ' ಎನ್ನುವ ನಮ್ಮ ಕಲಬುರಗಿಯ ಕನ್ನಡದಿಂದ 'ಬರುತ್ತಿದ್ದಾನೆ', 'ಹೋಗುತ್ತಿದ್ದಾರೆ' ಎನ್ನುವ ಪುಸ್ತಕದ ಕನ್ನಡಕ್ಕೆ ಏರುವುದು ಎರಡನೆಯದು. ಇದು ನಮ್ಮ ಮನೆಯ ಮಕ್ಕಳಿಗೂ ಸುಲಭವಾದುದಲ್ಲ. ಆ ಪುಸ್ತಕದ ಕನ್ನಡದಲ್ಲಿ ಹಿಂದೆಂದೂ ಕೇಳರಿಯದ ಹೊಸ ವಿಷಯವನ್ನು, ಅಂದರೆ ಗಣಿತವನ್ನು, ಪರಿಸರ ವಿಜ್ಞಾನವನ್ನು ಗ್ರಹಿಸುವುದು ಮೂರನೆಯದು. ನಮ್ಮ ಮಗು ಎರಡು ಹೊಸ್ತಿಲು ದಾಟುವಷ್ಟರಲ್ಲಿ ತಾಂಡಾದ ಮಗು ಮೂರನ್ನು ದಾಟಬೇಕು. ಓಟ ಮಾತ್ರ ಇಬ್ಬರಿಗೂ ಒಂದೇ ಗೆರೆಯಿಂದ ಆರಂಭವಾಯಿತೆಂದು ನಾವು ಭಾವಿಸುತ್ತೇವೆ.

ಇಂತಹ ಮಗು ಮೊದಲ ಕೆಲವು ತಿಂಗಳು ಮೌನವಾಗಿ ಕುಳಿತಿರುವುದು ಸಹಜ. ಆ ಮೌನವನ್ನು ಗುರುವು ಹೇಗೆ ಓದುತ್ತಾನೆ ಎಂಬುದರ ಮೇಲೆ ಅದರ ಬಾಳು ನಿಂತಿದೆ. 'ದಡ್ಡ' ಎಂದು ಓದಿದರೆ ಮಗು ಹಿಂದಿನ ಸಾಲಿಗೆ ಸರಿಯುತ್ತದೆ, ಅಲ್ಲಿಂದ ಬಾಗಿಲಿಗೆ, ಬಾಗಿಲಿನಿಂದ ಕಬ್ಬಿನ ಗದ್ದೆಗೆ. 'ಈ ಮಗುವಿಗೆ ಬೇರೊಂದು ಭಾಷೆ ಚೆನ್ನಾಗಿ ಬರುತ್ತದೆ, ನನಗೆ ಬರುವುದಿಲ್ಲ' ಎಂದು ಓದಿದರೆ ಅಲ್ಲಿಂದ ಶಿಕ್ಷಣವು ಆರಂಭವಾಗುತ್ತದೆ. ಈ ಎರಡನೆಯ ಓದನ್ನು ಕಲಿಸುವುದೇ ಶಿಕ್ಷಕರ ತರಬೇತಿಯ ಮುಖ್ಯ ಕಾರ್ಯವಾಗಬೇಕೆಂಬುದು ಈ ಲೇಖನದ ಆಶಯ.

ನಮ್ಮ ಹಿರಿಯರು ಕಂಡ ಶಾಲೆ

ಈ ಮಾತು ರಾಜ್ಯದ ಇತರ ಭಾಗದವರಿಗಿಂತ ಕಲಬುರಗಿಯವರಾದ ನಮಗೆ ಬೇಗ ಅರ್ಥವಾಗಬೇಕು. ನಮ್ಮ ಹಿರಿಯರು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಬಾಳಿದವರು. ಕಚೇರಿಯ ಕಾಗದ ಉರ್ದುವಿನಲ್ಲಿ, ಮೇಲಿನ ಶಿಕ್ಷಣವೂ ಉರ್ದುವಿನಲ್ಲಿ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಾ ಮಾಧ್ಯಮವೂ ಅದೇ ಆಗಿತ್ತು. ಉರ್ದು ಸವಿಯಾದ ಭಾಷೆ, ಖಾಜಾ ಬಂದೇನವಾಜರ ಈ ಊರಿನಲ್ಲಿ ಅದಕ್ಕೆ ತನ್ನದೇ ಆದ ಗೌರವವಿದೆ. ಕೊರತೆ ಇದ್ದುದು ಆ ಭಾಷೆಯಲ್ಲಿ ಅಲ್ಲ. ಮನೆಯಲ್ಲಿ ಕನ್ನಡವಾಡುವ ಹುಡುಗ ಮೇಲಕ್ಕೆ ಏರಬೇಕಾದರೆ ತನ್ನ ನುಡಿಯನ್ನು ಶಾಲೆಯ ಹೊರಗೆ, ಪಾದರಕ್ಷೆಯ ಹಾಗೆ, ಬಿಟ್ಟು ಬರಬೇಕಾಗಿದ್ದ ವ್ಯವಸ್ಥೆಯಲ್ಲಿ ಕೊರತೆ ಇತ್ತು. ಅಂತಹ ಕಾಲದಲ್ಲಿ 1907ರಲ್ಲಿ ಕಲಬುರಗಿಯಲ್ಲಿ ನೂತನ ವಿದ್ಯಾಲಯವು ಹುಟ್ಟಿತು. 1934ರಲ್ಲಿ ಪೂಜ್ಯ ದೊಡ್ಡಪ್ಪ ಅಪ್ಪನವರು ಹೆಣ್ಣುಮಕ್ಕಳಿಗಾಗಿ ಶಾಲೆಯನ್ನು ತೆರೆದರು. ಅಂದು ನೆಟ್ಟ ಆ ಸಸಿಯು ಇಂದು ಶರಣಬಸವೇಶ್ವರ ವಿದ್ಯಾವರ್ಧಕ ಸಂಘದ ಅನೇಕ ವಿದ್ಯಾಸಂಸ್ಥೆಗಳಾಗಿ, 2017ರಲ್ಲಿ ಶರಣಬಸವ ವಿಶ್ವವಿದ್ಯಾಲಯವಾಗಿ ಬೆಳೆದು ನಿಂತಿದೆ.

ಅಂದು ನಾವು ಕೇಳಿದುದು ಏನು? ನಮ್ಮ ಮಗುವಿಗೆ ತಿಳಿಯುವ ಮಾತಿನಲ್ಲಿ ಕಲಿಸುವ ಗುರು ಬೇಕು ಎಂದು. ಇಂದು ಕನ್ನಡವೇ ಆಡಳಿತದ ಭಾಷೆ, ಕನ್ನಡವೇ ಶಾಲೆಯ ಭಾಷೆ. ನಮ್ಮ ತಾತಂದಿರು ಅಂದು ನಿಂತಿದ್ದ ಜಾಗದಲ್ಲಿ ಇಂದು ತಾಂಡಾದ ತಂದೆತಾಯಿಗಳು ನಿಂತಿದ್ದಾರೆ. ಒಳಗೆ ಕುರ್ಚಿಯ ಮೇಲೆ ಕುಳಿತವರು ನಾವು. ಒಮ್ಮೆ ಹೊರಗೆ ನಿಂತವನಿಗೆ ಬಾಗಿಲು ತೆರೆಯುವ ಹೊಣೆ ಇತರರಿಗಿಂತ ಹೆಚ್ಚು.

ಶರಣ ಧರ್ಮದ ದೃಷ್ಟಿಯಿಂದಲೂ ಇದನ್ನು ವಿಚಾರಿಸಬೇಕು. ಹನ್ನೆರಡನೆಯ ಶತಮಾನದಲ್ಲಿ ಬಸವಾದಿ ಶರಣರು ತಮ್ಮ ಅನುಭಾವವನ್ನು ನುಡಿಯಲು ಪಂಡಿತರ ಸಂಸ್ಕೃತಕ್ಕೆ ಕೈಚಾಚಲಿಲ್ಲ. ನೂಲುವವರ, ನೇಯುವವರ, ಕಟ್ಟಿಗೆ ಹೊರುವವರ ಕನ್ನಡವನ್ನೇ ಎತ್ತಿಕೊಂಡರು. ತಾಯಿಯಿಂದ ಬಂದ ನುಡಿ ಪರಮಾತ್ಮನನ್ನು ಮುಟ್ಟಲು ಸಾಕಾಗುತ್ತದೆ ಎಂಬ ಧೈರ್ಯವೇ ವಚನ ಸಾಹಿತ್ಯದ ಬುನಾದಿ. ಆ ಧೈರ್ಯವನ್ನು ನಮಗೆ ಮಾತ್ರ ಇರಿಸಿಕೊಂಡು, ತಾಂಡಾದ ಮಗುವಿನ ತಾಯ್ನುಡಿಗೆ 'ಇದು ಶಾಲೆಗೆ ಸಲ್ಲದ ಭಾಷೆ' ಎಂದರೆ ಶರಣರ ಮಾತನ್ನು ನಾವು ಅರ್ಧ ಮಾತ್ರ ಕೇಳಿಸಿಕೊಂಡಂತೆ.

ಯಾರು ಈ ನೆರೆಯವರು?

ತಾಂಡಾಕ್ಕೆ ಹೋಗುವ ಗುರುವು ಮೊದಲು ತಾಂಡಾದ ಚರಿತ್ರೆಯನ್ನು ತಿಳಿದಿರಬೇಕು. ರೈಲು ಬರುವ ಮೊದಲು ಈ ದೇಶದ ಉಪ್ಪು, ಧಾನ್ಯಗಳು ಊರಿಂದೂರಿಗೆ ಸಾಗಿದುದು ಬಂಜಾರರ ಹೇರೆತ್ತುಗಳ ಬೆನ್ನಿನ ಮೇಲೆ. ಸೈನ್ಯಗಳಿಗೆ ದವಸ ಒದಗಿಸಿದವರೂ ಅವರೇ. ರೈಲು ಮತ್ತು ರಸ್ತೆಗಳು ಬಂದು ಆ ಕಾಯಕ ಕೈಬಿಟ್ಟಿತು. ಮೇಲಾಗಿ ಬ್ರಿಟಿಷ್ ಸರ್ಕಾರವು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದು ಇಂತಹ ಅನೇಕ ಅಲೆಮಾರಿ ಜನವರ್ಗಗಳಿಗೆ ಹುಟ್ಟಿನಿಂದಲೇ ಕಳಂಕವನ್ನು ಅಂಟಿಸಿತು. ಸ್ವತಂತ್ರ ಭಾರತವು 1952ರಲ್ಲಿ ಆ ಕಾಯ್ದೆಯನ್ನು ರದ್ದುಪಡಿಸಿತಾದರೂ ಜನರ ಮನಸ್ಸಿನ ಕಡತದಿಂದ ಅದು ಸುಲಭವಾಗಿ ಅಳಿಯಲಿಲ್ಲ.

ನಮ್ಮ ರಾಜ್ಯದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿದ್ದಾರೆ. ಗಡಿಯಾಚೆಯ ತೆಲಂಗಾಣದಲ್ಲಿ ಅವರೇ ಪರಿಶಿಷ್ಟ ಪಂಗಡದವರು. ಪಟ್ಟಿ ಬದಲಾದ ಮಾತ್ರಕ್ಕೆ ಮಗುವಿನ ಮಾತು ಬದಲಾಗುವುದಿಲ್ಲ. 2011ರ ಜನಗಣತಿಯಲ್ಲಿ ದೇಶದಾದ್ಯಂತ 32 ಲಕ್ಷಕ್ಕೂ ಹೆಚ್ಚು ಜನರು ಲಂಬಾಣಿಯನ್ನು ತಮ್ಮ ಮಾತೃಭಾಷೆಯೆಂದು ಬರೆಯಿಸಿದರು. ಆದರೆ ಗಣತಿಯ ಪುಸ್ತಕದಲ್ಲಿ ಆ ಸಂಖ್ಯೆಯು ಹಿಂದಿಯ ಲೆಕ್ಕದೊಳಗೆ ಸೇರಿಹೋಗಿದೆ. ಇಷ್ಟು ಜನರ ನುಡಿಗೆ ತನ್ನದೇ ಆದ ಲಿಪಿಯಿಲ್ಲ; ಇಲ್ಲಿ ಕನ್ನಡ ಅಕ್ಷರಗಳಲ್ಲಿ, ತೆಲಂಗಾಣದಲ್ಲಿ ತೆಲುಗು ಅಕ್ಷರಗಳಲ್ಲಿ, ಮಹಾರಾಷ್ಟ್ರದಲ್ಲಿ ದೇವನಾಗರಿಯಲ್ಲಿ ಅದನ್ನು ಬರೆಯುತ್ತಾರೆ.

2023ರ ಜನವರಿ 19ರಂದು ಸೇಡಂ ತಾಲೂಕಿನ ಮಳಖೇಡದಲ್ಲಿ ಪ್ರಧಾನಮಂತ್ರಿಗಳು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ನೀಡುವ ಕಾರ್ಯಕ್ರಮ ನಡೆಯಿತು. ತಲೆಮಾರುಗಳಿಂದ ವಾಸಿಸಿದ ತಾಂಡಾಗಳು ಕಂದಾಯ ಗ್ರಾಮಗಳಾಗಿ ದಾಖಲೆಯಲ್ಲಿ ಮೂಡಿದವು. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ. ನಮಗೆ ದೊರೆತ ಮೊದಲ ಕನ್ನಡ ಗ್ರಂಥವಾದ ಕವಿರಾಜಮಾರ್ಗವು ಒಂಬತ್ತನೆಯ ಶತಮಾನದಲ್ಲಿ ಆ ಅರಮನೆಯ ಆಶ್ರಯದಲ್ಲಿ ರಚಿತವಾಯಿತು. ಅಕ್ಷರ ಕಲಿಯದವರಲ್ಲಿಯೂ ಕಾವ್ಯದ ಅರಿವಿದೆಯೆಂದು ಕನ್ನಡಿಗರನ್ನು ಕೊಂಡಾಡಿದ ಗ್ರಂಥವದು. ಹೋಳಿಯಲ್ಲಿ, ತೀಜ್ ಹಬ್ಬದಲ್ಲಿ ರಾತ್ರಿಯೆಲ್ಲ ಹಾಡುವ ತಾಂಡಾದ ತಾಯಂದಿರಿಗೂ ಆ ಮಾತು ಸಲ್ಲುತ್ತದೆ. ಮನೆಯ ನೆಲಕ್ಕೆ ಹಕ್ಕುಪತ್ರ ಸಿಕ್ಕಿತು. ಮನೆಯ ನುಡಿಗೆ ಶಾಲೆಯಲ್ಲಿ ಹಕ್ಕು ಸಿಗುವುದು ಉಳಿದಿದೆ.

ತರಬೇತಿ ಹೇಗಿರಬೇಕು?

1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಫಲವಾಗಿ ದೇಶದಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಹುಟ್ಟಿದವು; ಶಿಕ್ಷಕರ ಬಾಯಲ್ಲಿ ಅವು 'ಡಯಟ್'. ನಮ್ಮ ಜಿಲ್ಲೆಯ ಡಯಟ್ ಕಮಲಾಪುರದಲ್ಲಿದೆ. ಭಾವೀ ಶಿಕ್ಷಕರ ತರಬೇತಿ ಸಂಸ್ಥೆಗೆ ಇದಕ್ಕಿಂತ ಯೋಗ್ಯವಾದ ಸ್ಥಳ ಬೇರೆ ಇರಲಾರದು. ಏಕೆಂದರೆ ಕಲಿಯಬೇಕಾದ ಪಾಠವು ಅದರ ಸುತ್ತಲಿನ ತಾಂಡಾಗಳಲ್ಲಿಯೇ ಇದೆ. ಅಲ್ಲಿಯಾಗಲಿ, ನಮ್ಮ ಸಂಘ ಸಂಸ್ಥೆಗಳು ನಡೆಸುವ ಶಿಕ್ಷಣ ಮಹಾವಿದ್ಯಾಲಯಗಳಲ್ಲಿಯಾಗಲಿ, ತಾಂಡಾಕ್ಕೆ ತಕ್ಕ ಗುರುವನ್ನು ಸಿದ್ಧಪಡಿಸಲು ಕೆಲವು ಸಂಗತಿಗಳು ಅವಶ್ಯವೆಂದು ತೋರುತ್ತದೆ.

ಮೊದಲನೆಯದು, ಗುರುವು ಸ್ವತಃ ಗೋರ್ ಬೋಲಿಯ ವಿದ್ಯಾರ್ಥಿಯಾಗುವುದು. ಪಂಡಿತನಾಗಬೇಕೆಂದಿಲ್ಲ. ಮನೆ, ನೀರು, ಹಸಿವು, ನೋವು, ಭಯ, ಎಣಿಕೆ, ಬಣ್ಣ, ಬಂಧುಗಳ ಹೆಸರು ಇವುಗಳಿಗೆ ಸಂಬಂಧಿಸಿದ ಕೆಲವು ನೂರು ಶಬ್ದಗಳು ಬಂದರೂ ಸಾಕು, 'ಹೊಟ್ಟೆ ನೋಯುತ್ತಿದೆ' ಎಂದು ಹೇಳಲಾರದೆ ಅಳುವ ಮಗುವಿನ ಕಷ್ಟ ತಿಳಿಯುತ್ತದೆ. ಕಲಿಸುವವನು ಕಲಿಯಲು ಕುಳಿತಾಗ, ಹೊಸ ನುಡಿಯಲ್ಲಿ ತಡವರಿಸುವುದೆಂದರೇನು ಎಂಬುದೂ ಅವನ ಅನುಭವಕ್ಕೆ ಬರುತ್ತದೆ. ಇದಕ್ಕಿಂತ ದೊಡ್ಡ ಪಾಠ ಯಾವ ಪುಸ್ತಕದಲ್ಲಿಯೂ ಇಲ್ಲ.

ಎರಡನೆಯದು, ಅಕ್ಷರವನ್ನು ಮನೆಯ ಮಾತಿನ ಮೂಲಕ ಕಲಿಸುವ ವಿಧಾನ. 'ಅ' ಎಂದರೆ ಅರಸ ಎಂದು ಬಾಯಿಪಾಠ ಮಾಡಿಸಿದಾಗ ತಾಂಡಾದ ಮಗುವಿಗೆ ಅಕ್ಷರವೂ ಹೊಸದು, ಶಬ್ದವೂ ಹೊಸದು. ಅದರ ಬದಲು 'ಪಾಣಿ'ಯ 'ಪ', 'ಬಾಟಿ'ಯ 'ಬ', 'ಯಾಡಿ'ಯ 'ಯ' ಎಂದು ಆರಂಭಿಸಿದರೆ ಶಬ್ದವು ಪರಿಚಿತ, ಅಕ್ಷರವೊಂದೇ ಹೊಸದು. ಹಾಗೆ ಕಲಿತದ್ದು ಕನ್ನಡದ ಅಕ್ಷರವೇ ಆಗಿರುವುದರಿಂದ ಕನ್ನಡಕ್ಕೆ ನಷ್ಟವೇನೂ ಇಲ್ಲ. ಕನ್ನಡಕ್ಕೆ ಒಬ್ಬ ಓದುಗ ಬೇಗ ದೊರೆಯುತ್ತಾನೆ. 'ಪಾಣಿ'ಯ ಪಕ್ಕದಲ್ಲಿ 'ನೀರು' ಎಂದು ಬರೆದು ತೋರಿಸಲು ಮರುದಿನ ಎಷ್ಟು ಹೊತ್ತು ಬೇಕು?

ಮೂರನೆಯದು, ತಪ್ಪನ್ನು ಓದುವ ಕಣ್ಣು. ಗೋರ್ ಬೋಲಿಯಲ್ಲಿ ಗಂಡು ಹೆಣ್ಣು ಎಂಬ ಎರಡೇ ಲಿಂಗಗಳು. ನಮ್ಮ ನಪುಂಸಕಲಿಂಗ ಅಲ್ಲಿಲ್ಲ. ಆದುದರಿಂದ ಒಂದು ಮಗು 'ಎಮ್ಮೆ ಬಂದಳು' ಎಂದು ಹೇಳಿದರೆ ಅದು ಅಜಾಗರೂಕತೆಯಿಂದ ಹೇಳಿದುದಲ್ಲ. ತನ್ನ ಭಾಷೆಯ ವ್ಯಾಕರಣವನ್ನು ಶ್ರದ್ಧೆಯಿಂದ ಪಾಲಿಸಿ ಹೇಳಿದುದು. ತರಬೇತಿ ಇಲ್ಲದ ಗುರು ಗದರುತ್ತಾನೆ, ತರಗತಿ ನಗುತ್ತದೆ. ತರಬೇತಿ ಪಡೆದ ಗುರುವು 'ನಿಮ್ಮಲ್ಲಿ ಹಾಗೆ, ಕನ್ನಡದಲ್ಲಿ ಹೀಗೆ' ಎಂದು ಎರಡನ್ನೂ ಅಕ್ಕಪಕ್ಕದಲ್ಲಿ ಇರಿಸುತ್ತಾನೆ.

ನಾಲ್ಕನೆಯದು, ತಾಂಡಾದ ಬಾಳನ್ನು ಪಾಠಕ್ಕೆ ತರುವ ಜಾಣ್ಮೆ. ತಾಯಂದಿರ ಕಸೂತಿಯಲ್ಲಿ ತ್ರಿಕೋನವೂ ಚೌಕವೂ ಇದೆ, ಕವಡೆ ಕನ್ನಡಿಗಳ ಎಣಿಕೆಯಿದೆ. ರೇಖಾಗಣಿತಕ್ಕೆ ಬೇರೆ ಉಪಕರಣ ಏಕೆ? 1739ರಲ್ಲಿ ಜನಿಸಿದ ಸಂತ ಸೇವಾಲಾಲರ ಚರಿತ್ರೆ, ಉಪ್ಪು ಹೊತ್ತ ಎತ್ತುಗಳ ದಾರಿ, ಇವು ಇತಿಹಾಸ ಭೂಗೋಳಗಳ ಪಾಠಗಳೇ ಆಗಿವೆ. ನಾಯಕ, ಕಾರಭಾರಿ ಎಂಬ ತಾಂಡಾದ ಹಿರಿತನದ ವ್ಯವಸ್ಥೆಯನ್ನು ಅರಿತ ಗುರು ಶಾಲಾ ಅಭಿವೃದ್ಧಿ ಸಮಿತಿಯ ಸಭೆಗೆ ಯಾರನ್ನು ಮೊದಲು ಕರೆಯಬೇಕೆಂಬುದನ್ನೂ ಅರಿತಿರುತ್ತಾನೆ.

ಐದನೆಯದು, ಗುಳೆಯ ಕಾಲದ ಸಿದ್ಧತೆ. ಸುಗ್ಗಿ ಮುಗಿದ ಮೇಲೆ ಅನೇಕ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಮುಂಬಯಿ, ಪುಣೆ, ಹೈದರಾಬಾದುಗಳಿಗೆ ಹೊರಡುತ್ತವೆ. ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳ ಸಾಲು ಬೆಳೆಯುತ್ತದೆ. ಅಜ್ಜ ಅಜ್ಜಿಯರೊಡನೆ ಮಗುವನ್ನು ಉಳಿಸಲು ಕುಟುಂಬದವರೊಡನೆ ಮಾತನಾಡುವುದು, ಋತುಮಾನದ ವಸತಿ ವ್ಯವಸ್ಥೆಯನ್ನು ತಿಳಿಸುವುದು, ಹೋಗಲೇಬೇಕಾದ ಮಗು ಮರಳಿ ಬಂದಾಗ ಬಿಟ್ಟುಹೋದ ಪಾಠವನ್ನು ಎಲ್ಲಿಂದ ಹಿಡಿಯಬೇಕೆಂಬ ಯೋಜನೆ ಇರಿಸಿಕೊಳ್ಳುವುದು, ಇವೆಲ್ಲವೂ ತರಬೇತಿಯಿಂದ ಬರತಕ್ಕ ವಿದ್ಯೆಗಳು.

ಇವುಗಳೆಲ್ಲಕ್ಕೂ ಮಿಗಿಲಾಗಿ, ಭಾವೀ ಶಿಕ್ಷಕರು ಕೆಲವು ವಾರಗಳಾದರೂ ತಾಂಡಾದಲ್ಲಿಯೇ ಇದ್ದು ಬರಬೇಕು. ಅಲ್ಲಿಯ ಹಿರಿಯರನ್ನು ಸಂಪನ್ಮೂಲ ವ್ಯಕ್ತಿಗಳೆಂದು ತರಬೇತಿ ಸಂಸ್ಥೆಗೆ ಕರೆದು ಸಂಭಾವನೆಯೊಡನೆ ಗೌರವಿಸಬೇಕು. ಅಜ್ಜಿಯೊಬ್ಬಳು ಉಪನ್ಯಾಸಕರ ಪಕ್ಕದ ಕುರ್ಚಿಯಲ್ಲಿ ಕುಳಿತು ಕಥೆ ಹೇಳಿದ ದಿನ ಭಾವೀ ಶಿಕ್ಷಕರ ಮನಸ್ಸಿನಲ್ಲಿ ತಾಂಡಾದ ಸ್ಥಾನ ಬದಲಾಗುತ್ತದೆ.

ಆಗದ ಮಾತೇನಲ್ಲ

ಇದು ಕೇವಲ ಆದರ್ಶವೆಂದು ತಳ್ಳಿಹಾಕುವವರಿಗೆ ಹತ್ತಿರದಲ್ಲಿಯೇ ಉದಾಹರಣೆಗಳಿವೆ. ಅವಿಭಜಿತ ಆಂಧ್ರಪ್ರದೇಶವು 2004ರ ಸುಮಾರಿಗೆ ಆರಂಭಿಸಿದ ಬಹುಭಾಷಾ ಶಿಕ್ಷಣ ಯೋಜನೆಯಲ್ಲಿ ಎಂಟು ಬುಡಕಟ್ಟು ನುಡಿಗಳಿಗೆ ಪ್ರಾಥಮಿಕ ಪುಸ್ತಕಗಳು ಸಿದ್ಧವಾದವು; ಗೋಂಡಿ, ಕೋಯಾ, ಸವರ ಮೊದಲಾದವುಗಳ ಜೊತೆಗೆ ಬಂಜಾರ ನುಡಿಯೂ ಅಲ್ಲಿತ್ತು. ನಮ್ಮ ಗಡಿಯಿಂದ ಕೆಲವೇ ಹರದಾರಿ ದೂರದಲ್ಲಿ, ಇದೇ ನುಡಿಯಲ್ಲಿ! ಒಡಿಶಾ ರಾಜ್ಯವು 2007ರಲ್ಲಿ ಹತ್ತು ಬುಡಕಟ್ಟು ನುಡಿಗಳಲ್ಲಿ ಇಂತಹ ಕಾರ್ಯವನ್ನು ಕೈಗೊಂಡು, ಅದೇ ನುಡಿಯವರನ್ನು ಶಿಕ್ಷಕರನ್ನಾಗಿ ನೇಮಿಸಿತು.

ನಮ್ಮ ರಾಜ್ಯದಲ್ಲಿಯೂ ದಾರಿ ತೋರಿದವರಿದ್ದಾರೆ. ಡಾ. ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ ವೈದ್ಯರಾಗಿ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿ, ಗಿರಿಜನ ಮಕ್ಕಳಿಗಾಗಿ ಶಾಲೆಯನ್ನೂ ನಡೆಸಿದರು. ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯು 1988ರಲ್ಲಿ ಜೇನುಕುರುಬ ಮೊದಲಾದ ಹಾಡಿಯ ಮಕ್ಕಳಿಗಾಗಿ ಶಾಲೆಯನ್ನು ಆರಂಭಿಸಿತು. ಅದೇ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ 1995ರಲ್ಲಿ ಸರ್ಕಾರಿ ಶಾಲೆಯ ಸಾಮಾನ್ಯ ಶಿಕ್ಷಕರೇ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡುಬಂದು, ಕಾರ್ಡುಗಳನ್ನು ತಾವೇ ರಚಿಸಿ 'ನಲಿ ಕಲಿ'ಯನ್ನು ಹುಟ್ಟುಹಾಕಿದರು. 2009ರ ನಂತರ ಅದು ರಾಜ್ಯದಾದ್ಯಂತ ಹಬ್ಬಿತು. ಇದರಿಂದ ತಿಳಿಯುವುದೇನು? ಶಿಕ್ಷಕರಿಗೆ ನೋಡಲು, ಯೋಚಿಸಲು, ತಾವೇ ರಚಿಸಲು ಅವಕಾಶ ಕೊಟ್ಟರೆ ಹಿಂದುಳಿದ ತಾಲೂಕೊಂದು ಇಡೀ ರಾಜ್ಯಕ್ಕೆ ಗುರುವಾಗಬಲ್ಲುದು. ಕಮಲಾಪುರವೂ ಆಗಬಲ್ಲುದು.

ದೂರದ ನ್ಯೂಜಿಲೆಂಡಿನಲ್ಲಿ ಮಾವೋರಿ ಜನರು ತಮ್ಮ ನುಡಿ ನಶಿಸುವುದನ್ನು ಕಂಡು 1982ರಲ್ಲಿ 'ಕೊಹಾಂಗಾ ರಿಯೋ' ಎಂಬ ಶಿಶುವಿಹಾರಗಳನ್ನು ತೆರೆದರು. ಅಜ್ಜ ಅಜ್ಜಿಯರೇ ಅಲ್ಲಿ ಮಾತಿನ ಗುರುಗಳಾದರು. ಆ ಮಕ್ಕಳು ಬೆಳೆದಂತೆ ಮಾವೋರಿಯಲ್ಲಿ ಪಾಠ ಹೇಳುವ ತರಬೇತಿ ಪಡೆದ ಶಿಕ್ಷಕರ ಬೇಡಿಕೆಯೂ ಬೆಳೆಯಿತು. ಸಮಾಜವು ಮುಂದೆ ನಡೆದರೆ ಸರ್ಕಾರವು ಹಿಂದೆ ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಕಾನೂನಿನ ಬಲವೂ ನಮ್ಮಲ್ಲಿ ಇಲ್ಲದಿಲ್ಲ. ಸಂವಿಧಾನದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಕರ್ಯ ಕಲ್ಪಿಸಬೇಕೆನ್ನುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ಸಾಧ್ಯವಾದ ಮಟ್ಟಿಗೆ ಮಗುವಿನ ಮಾತೃಭಾಷೆಯೇ ಮಾಧ್ಯಮವಾಗಿರಬೇಕೆನ್ನುತ್ತದೆ. 'ಸಾಧ್ಯವಾದ ಮಟ್ಟಿಗೆ' ಎಂಬ ಮಾತಿನಲ್ಲಿ ಎಲ್ಲವೂ ಅಡಗಿದೆ. ಆ ಸಾಧ್ಯತೆಯನ್ನು ಹಿಗ್ಗಿಸುವವನೂ ಕುಗ್ಗಿಸುವವನೂ ತರಗತಿಯಲ್ಲಿ ನಿಂತ ಗುರುವೇ.

ಒಂದು ಆಕ್ಷೇಪಣೆ

'ತಾಂಡಾದ ತಂದೆತಾಯಿಗಳೇ ಕನ್ನಡ ಬೇಕು, ಇಂಗ್ಲಿಷ್ ಬೇಕು ಎನ್ನುತ್ತಿರುವಾಗ ಗೋರ್ ಬೋಲಿಯ ಮಾತು ಏಕೆ?' ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದುದು. ತಾಂಡಾದ ಮಗು ತಾಂಡಾದಲ್ಲಿಯೇ ಉಳಿಯಲಿ ಎಂದು ಯಾರೂ ಬಯಸಬಾರದು. ಅದು ಕನ್ನಡವನ್ನು ನಮ್ಮ ಮಕ್ಕಳಷ್ಟೇ ಚೆನ್ನಾಗಿ ಓದಬೇಕು, ಬರೆಯಬೇಕು. ಇಂಗ್ಲಿಷಿನಲ್ಲಿಯೂ ಹಿಂದೆ ಬೀಳಬಾರದು. ಪ್ರಶ್ನೆ ಇರುವುದು ಗುರಿಯ ಬಗ್ಗೆ ಅಲ್ಲ, ಮೆಟ್ಟಿಲಿನ ಬಗ್ಗೆ. ತಾಯ್ನುಡಿಯ ಮೆಟ್ಟಿಲನ್ನು ಕಿತ್ತುಹಾಕಿದರೆ ಮಗು ಬೇಗ ಏರುತ್ತದೆ ಎಂಬುದು ಭ್ರಮೆ. ಹೆಜ್ಜೆ ಊರಲು ನೆಲವೇ ಇಲ್ಲದ ಮಗು ಜಿಗಿಯುವುದೆಲ್ಲಿಂದ?

ನಮ್ಮ ಮನೆಗಳ ಮಾತು

ಇನ್ನು ನಮ್ಮ ನಮ್ಮ ಮನೆಗಳ ಒಳಗಿನ ಮಾತಿಗೆ ಬರೋಣ. ನಮ್ಮ ಸಮಾಜದ ಎಷ್ಟೋ ಮನೆಗಳಲ್ಲಿ ಶಿಕ್ಷಕರಿದ್ದಾರೆ. ಮಗಳೋ ಸೊಸೆಯೋ ಡಿ.ಎಲ್.ಇಡಿ., ಬಿ.ಇಡಿ. ಮುಗಿಸಿ, ಪರೀಕ್ಷೆ ಬರೆದು ಆಯ್ಕೆಯಾದಳೆಂದರೆ ಮನೆಯಲ್ಲಿ ಹಬ್ಬ. ಸ್ಥಳ ನಿಯುಕ್ತಿಯ ಆದೇಶದಲ್ಲಿ ತಾಂಡಾದ ಹೆಸರು ಕಂಡೊಡನೆ ಹಬ್ಬದ ದೀಪ ಮಂಕಾಗುತ್ತದೆ. 'ತಾಂಡಾಕ್ಕೆ ಹಾಕಿದ್ದಾರಂತೆ' ಎಂದು ಬಂಧುಗಳು ಶಿಕ್ಷೆಯೆಂಬಂತೆ ಕನಿಕರ ತೋರುತ್ತಾರೆ. ಸೇರಿದ ದಿನದಿಂದಲೇ ವರ್ಗಾವಣೆಗೆ ಯಾರ ಮನೆಯ ಬಾಗಿಲು ತಟ್ಟಬೇಕೆಂಬ ಚಿಂತೆ ಆರಂಭವಾಗುತ್ತದೆ. ದಾರಿಯ ಕಷ್ಟ, ಬಸ್ಸಿನ ಅಭಾವ, ಎಳೆಯ ಮಕ್ಕಳ ಚಿಂತೆ ಇವು ನಿಜವಾದ ತೊಂದರೆಗಳು. ಅವುಗಳನ್ನು ಹಗುರವಾಗಿ ಕಾಣಬಾರದು. ಆದರೆ ಮನಸ್ಸು ಪೇಟೆಯಲ್ಲಿರುವ ಗುರುವಿನ ಮುಂದೆ ಕುಳಿತ ಮಗುವಿಗೆ ಅದು ತಿಳಿಯದೆ ಹೋಗುವುದಿಲ್ಲ. ಯಾವ ತರಬೇತಿ ಸಂಸ್ಥೆಯೂ ಸರಿಪಡಿಸಲಾಗದ ಈ ದೋಷವನ್ನು ಸರಿಪಡಿಸಬೇಕಾದವರು ಹಿರಿಯರಾದ ನಾವೇ. 'ಹೋಗಿ ಬಾ ತಾಯಿ, ಅದು ಶರಣರ ಕಾಯಕ' ಎಂದು ಹರಸಿ ಕಳುಹಿಸುವ ಒಬ್ಬ ಅತ್ತೆ, ಒಬ್ಬ ತಂದೆ ತಾಂಡಾದ ಶಾಲೆಗೆ ಮಾಡುವ ಉಪಕಾರ ಸಣ್ಣದಲ್ಲ.

ಇನ್ನೂ ಒಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ತಾಂಡಾದಲ್ಲಿ ಒಂದು ಲೋಟ ನೀರು ಕೊಟ್ಟಾಗ 'ಈಗ ಬೇಡ' ಎಂದು ನಯವಾಗಿ ನುಣುಚಿಕೊಳ್ಳುವ ಸಂಪ್ರದಾಯ ಇನ್ನೂ ಪೂರ್ತಿ ಅಳಿದಿಲ್ಲ. ಜಾತಿಸೂತಕವನ್ನು ಅಲ್ಲಗಳೆದ ಶರಣರ ಮಕ್ಕಳು ನಾವು. ಅಂಗದ ಮೇಲೆ ಲಿಂಗವಿರುವಾಗ ಯಾವ ಮನೆಯ ನೀರಿನಿಂದ ಯಾವ ಮೈಲಿಗೆ? ತನ್ನ ಯಾಡಿಯ ಕೈಯ ನೀರನ್ನು ಗುರು ಕುಡಿದುದನ್ನು ಕಂಡ ಮಗು, ಗುರು ನೀಡಿದ ಅಕ್ಷರವನ್ನು ಸಂಶಯವಿಲ್ಲದೆ ಸ್ವೀಕರಿಸುತ್ತದೆ. ಕುಡಿಯದುದನ್ನು ಕಂಡರೆ, ಅದನ್ನು ಬಾಳಿಡೀ ಮರೆಯುವುದಿಲ್ಲ.

ಕೊನೆಯದಾಗಿ, ತಾಂಡಾದ ಶಾಲೆಗೆ ಅತ್ಯುತ್ತಮ ಗುರು ಎಂದರೆ ತಾಂಡಾದಲ್ಲಿಯೇ ಹುಟ್ಟಿ ಬೆಳೆದ ಗುರು. ಈಗಾಗಲೇ ಆ ಸಮಾಜದಿಂದ ಬಂದ ಶಿಕ್ಷಕ ಶಿಕ್ಷಕಿಯರು ನಮ್ಮ ಜಿಲ್ಲೆಯಲ್ಲಿ ನಿಷ್ಠೆಯಿಂದ ದುಡಿಯುತ್ತಿದ್ದಾರೆ. ಅವರ ಸಂಖ್ಯೆ ಹೆಚ್ಚಬೇಕು. ಸಂವಿಧಾನದ 371ಜೆ ವಿಧಿಯು ಈ ಭಾಗದ ಅಭ್ಯರ್ಥಿಗಳಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ವಿಶೇಷ ಅವಕಾಶ ಕೊಟ್ಟಿದೆ. ಆ ಅವಕಾಶವು ತಾಂಡಾದ ಹೆಣ್ಣುಮಗಳವರೆಗೆ ತಲುಪಬೇಕಾದರೆ ಅವಳು ಮೊದಲು ಪಿ.ಯು.ಸಿ. ಮುಗಿಸಬೇಕು, ತರಬೇತಿಯ ಎರಡು ವರ್ಷ ಪಟ್ಟಣದಲ್ಲಿ ಉಳಿಯಬೇಕು. ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದ ಪರಂಪರೆ ನಮ್ಮದು. ಬ್ರಹ್ಮಪುರದ ಒಂದೊಂದು ಓಣಿಯ ಭಕ್ತರು ಸೇರಿ, ಶಿಕ್ಷಕಿಯಾಗಲು ಬಯಸುವ ಒಬ್ಬೊಬ್ಬ ತಾಂಡಾದ ಮಗಳ ವಸತಿ, ಪುಸ್ತಕಗಳ ವೆಚ್ಚವನ್ನು ಹೊತ್ತರೆ ಅದು ಮಹಾಮನೆಯ ಕೆಲಸವಾಗುತ್ತದೆ. ಬರುವ ಬಸವ ಜಯಂತಿಯ ಸಭೆಯಲ್ಲಿ ಹಾರ ತುರಾಯಿಗಳ ಖರ್ಚನ್ನು ಇದಕ್ಕೆ ತಿರುಗಿಸುವ ಸಂಕಲ್ಪವನ್ನು ನಮ್ಮ ಓಣಿಯ ಸಮಿತಿಗಳು ಮಾಡಲೆಂದು ಪ್ರಾರ್ಥಿಸುತ್ತೇನೆ.

ಅನ್ನದ ದಾಸೋಹವನ್ನು ನಮ್ಮ ಪೂರ್ವಿಕರು ನಡೆಸಿಕೊಂಡು ಬಂದರು. ಅಕ್ಷರದ ದಾಸೋಹವನ್ನು ನಮ್ಮ ಮಠಗಳು, ಸಂಘಗಳು ನಡೆಸಿದವು. ನುಡಿಯ ದಾಸೋಹವು ನಮ್ಮ ಪಾಲಿಗೆ ಉಳಿದಿದೆ. ಅದಕ್ಕೆ ಹೆಚ್ಚು ಧನ ಬೇಕಿಲ್ಲ. ನೆರೆಯವರ ಮಗುವಿನ ಮಾತನ್ನು ಕಲಿಯಲು ಬಾಗುವ ಗುರು ಬೇಕು. ಅಂತಹ ಗುರುವನ್ನು ಹೆಮ್ಮೆಯಿಂದ ಕಳುಹಿಸಿಕೊಡುವ ಮನೆ ಬೇಕು.